ಕಾಕಾನ ಟಿಕ್ಕು, ಕಾಕಿಯ ಪ್ರಶ್ನೆ: ನಮ್ಮ ತೆರಿಗೆ ಎಲ್ಲಿಗೆ ಹೋಗಬೇಕು ಅಂತ ಹೇಳೋರು ಯಾರು?

2025ರ ಸೆಪ್ಟೆಂಬರ್ 14, ಭಾನುವಾರ. ಆದಾಯ ತೆರಿಗೆ ರಿಟರ್ನ್ ಸಲ್ಲಿಸೋಕೆ ಕೊನೇ ದಿನ ಹತ್ತಿರ ಬಂದಿತ್ತು, ಪೋರ್ಟಲ್ ಎಂದಿನಂತೆ ಸುತ್ತುತ್ತಾ ಕೂತಿತ್ತು. ಸೇಡಂನ ನಮ್ಮ ಕಾಕಾನ ಮನೆಯಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಅವರ ರಿಟರ್ನ್ ತುಂಬುತ್ತಿದ್ದೆ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಊರಲ್ಲಿ ಉಳಿದಿರುವ ಮರ್ಯಾದೆ ಇದೊಂದೇ: ಫಾರಂ ತುಂಬೋದು, ಪ್ರಿಂಟರ್ ರಿಪೇರಿ ಮಾಡೋದು. ಕಾಕಾ ನಿವೃತ್ತ ಪಿಯು ಉಪನ್ಯಾಸಕರು. ಪಿಂಚಣಿ, ಠೇವಣಿ ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 9 ಲಕ್ಷ 20 ಸಾವಿರ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಹೊಸ ಪದ್ಧತಿಯಲ್ಲಿ ತೆರಿಗೆ 34,500 ರೂಪಾಯಿ, ಅದರ ಮೇಲೆ ಶೇ. 4 ಆರೋಗ್ಯ-ಶಿಕ್ಷಣ ಸೆಸ್ 1,380. ಒಟ್ಟು 35,880.

ಕಾಕಾ ಕನ್ನಡಕ ಏರಿಸಿ ಪರದೆ ನೋಡಿದರು. "ತಮ್ಮಾ, ಇಷ್ಟೆಲ್ಲಾ ಕಾಲಂ ಅವ. ಈ ರೊಕ್ಕ ಯಾತಕ್ಕ ಹಚ್ಚಬೇಕು ಅಂತ ಕೇಳೋ ಕಾಲಂ ಒಂದರ ಯಾಕ ಇಲ್ಲ? ಸಾಲಿಗೆ ಅಂತ ಒಂದು, ದವಾಖಾನಿಗೆ ಅಂತ ಒಂದು, ನೀರಿಗೆ ಅಂತ ಒಂದು. ನಾ ಸಾಲಿ ಮುಂದ ಟಿಕ್ ಹೊಡೀತಿದ್ದೆ."

ಒಳಗಿನಿಂದ ಕಾಕಿ ಕೂಗಿದರು: "ನಂದು ಟ್ಯಾಕ್ಸೇ ಇಲ್ಲಲ್ಲ, ಹಂಗಾರ ನನಗ ಟಿಕ್ ಇಲ್ಲೇನು?"

ಆ ಎರಡು ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಕಾಕಾನ ಆಸೆ ವಿಚಿತ್ರದ್ದೇನಲ್ಲ. ಜಗತ್ತಿನ ಕೆಲವು ದೇಶಗಳಲ್ಲಿ ಆ ಕಾಲಂ ನಿಜವಾಗಿಯೂ ಇದೆ. ಇಟಲಿಯಲ್ಲಿ 1985ರ ಕಾನೂನಿನ ಪ್ರಕಾರ ಆದಾಯ ತೆರಿಗೆಯ ಸಾವಿರಕ್ಕೆ ಎಂಟು ಪಾಲು ಕ್ಯಾಥೊಲಿಕ್ ಚರ್ಚಿಗೋ, ಬೇರೆ ಧಾರ್ಮಿಕ ಸಂಸ್ಥೆಗೋ, ಸರ್ಕಾರದ ಸಮಾಜ ಕಾರ್ಯಕ್ಕೋ ಅಂತ ತೆರಿಗೆದಾರ ಸಹಿ ಹಾಕಿ ಹೇಳಬಹುದು. ಹಂಗೇರಿ 1996ರಲ್ಲಿ ಕಾನೂನು ಮಾಡಿ ತೆರಿಗೆಯ ಶೇ. 1ನ್ನು ಸೇವಾ ಸಂಸ್ಥೆಗಳಿಗೆ ಕೊಡೋ ಹಕ್ಕು ಕೊಟ್ಟಿತು. ಸ್ಲೊವಾಕಿಯಾ, ಲಿಥುವೇನಿಯಾ, ಪೋಲೆಂಡ್, ರೊಮೇನಿಯಾ ಹಿಂದೆ ಹಿಂದೆ ಬಂದವು. ಇದು ದಾನ ಅಲ್ಲ, ಕೈಯಿಂದ ಹೆಚ್ಚು ಕೊಡೋದೇನೂ ಇಲ್ಲ. ಹೇಗೂ ಕಟ್ಟಲೇಬೇಕಾದ ತೆರಿಗೆಯಲ್ಲಿ ಒಂದು ಚೂರಿಗೆ ವಿಳಾಸ ಬರೆಯೋದು, ಅಷ್ಟೆ. ಇಟಲಿ ಲೆಕ್ಕದಲ್ಲಿ ನಮ್ಮ ಕಾಕಾಗೆ ಸಿಗೋದು 276 ರೂಪಾಯಿಯ ಟಿಕ್ಕು.

ಇಟಲಿಯ ಪದ್ಧತಿಯಲ್ಲಿ ಒಂದು ಕಿತಾಪತಿ ಇದೆ. ಅರ್ಧಕ್ಕಿಂತ ಹೆಚ್ಚು ಜನ ಸಹಿಯನ್ನೇ ಹಾಕೋದಿಲ್ಲ. ಹಾಕದವರ ಪಾಲನ್ನು ಹಾಕಿದವರ ಆಯ್ಕೆಯ ಪ್ರಮಾಣದಲ್ಲೇ ಹಂಚುತ್ತಾರೆ. ಹಾಗಾಗಿ ಕಡಿಮೆ ಜನ ಆರಿಸಿದರೂ ಒಟ್ಟು ಹಣದ ಸಿಂಹಪಾಲು ಕ್ಯಾಥೊಲಿಕ್ ಚರ್ಚಿಗೆ. ಸುಮ್ಮನಿದ್ದವನ ರೊಕ್ಕ ಮಾತಾಡಿದವನ ಜೇಬಿಗೆ. ನಮ್ಮಲ್ಲಿ ಇಂಥ ಪಟ್ಟಿ ಬಂದರೆ ಮೇಲುಗಡೆ ಏನಿರುತ್ತೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಕಾಗಿಲ್ಲ: ಮಠ, ಮಂದಿರ, ಗೋಶಾಲೆ, ಸೈನಿಕರ ನಿಧಿ. ಸೇಡಂ ಪೇಟೆಯ ಗಟಾರಕ್ಕೆ ಯಾರು ಟಿಕ್ ಹಾಕ್ತಾರೆ? ವಾಡಿಯ ಕಸದ ಗಾಡಿಗೆ? ಚಿಂಚೋಳಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯ ಗೌರವಧನಕ್ಕೆ?

ಇನ್ನೊಂದು ತೊಡಕು ಲೆಕ್ಕಪತ್ರದ್ದು. ಬಜೆಟ್ ಅನ್ನೋದು ಒಂದೇ ಟ್ಯಾಂಕು. ನೀವು ಒಂದು ನಲ್ಲಿಗೆ ಹೆಚ್ಚು ನೀರು ಬಿಟ್ಟರೆ ಮೇಲೆ ಕೂತವನು ಆ ನಲ್ಲಿಗೆ ತಾನು ಬಿಡುತ್ತಿದ್ದ ನೀರನ್ನು ಕಡಿಮೆ ಮಾಡ್ತಾನೆ. ನೀವು ಸಾಲಿಗೆ ಟಿಕ್ ಹಾಕಿದ ಸಂತೋಷ ನಿಮಗೆ, ಸಾಲಿಗೆ ಬಂದದ್ದು ಹಿಂದಿನಷ್ಟೇ. ಕಾಕಾ ಕಟ್ಟಿದ ಆ 1,380 ರೂಪಾಯಿ ಸೆಸ್ ನೋಡಿ. ಹೆಸರಲ್ಲೇ ವಿಳಾಸ ಇದೆ, ಆರೋಗ್ಯ ಮತ್ತು ಶಿಕ್ಷಣ. ಆದರೆ 2006-07ರಿಂದ 2016-17ರ ತನಕ ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಲ್ಲಿ ಎಂಬತ್ತು ಸಾವಿರ ಕೋಟಿಗೂ ಹೆಚ್ಚು ಸೆಸ್ ವಸೂಲಾಗಿದ್ದರೂ ಅದಕ್ಕಾಗಿ ಬೇರೆ ನಿಧಿಯನ್ನೇ ತೆರೆದಿರಲಿಲ್ಲ ಅಂತ ಸಿಎಜಿ ವರದಿ ಬರೆಯಬೇಕಾಯಿತು. ಲಕೋಟೆ ಮೇಲೆ ವಿಳಾಸ ಇದ್ದ ಮಾತ್ರಕ್ಕೆ ಟಪಾಲು ತಲುಪಲ್ಲ.

ಮೇಲಾಗಿ ಈ ಸೆಸ್ಸು ರಾಜ್ಯಗಳ ಪಾಲಿಗೆ ಬರೋದೇ ಇಲ್ಲ. ತೆರಿಗೆ ಬರುತ್ತೆ, ಆದರೆ ಎಷ್ಟು? ಹಂಚಿಕೆಯಾಗುವ ತೆರಿಗೆಯಲ್ಲಿ ಶೇ. 41 ರಾಜ್ಯಗಳಿಗೆ. 15ನೇ ಹಣಕಾಸು ಆಯೋಗ ಅದರೊಳಗೆ ಕರ್ನಾಟಕಕ್ಕೆ ಇಟ್ಟದ್ದು ಶೇ. 3.647. ಹಿಂದಿನ ಆಯೋಗದಲ್ಲಿ 4.713 ಇತ್ತು. ಕಾಕಾನ 34,500ಕ್ಕೆ ಈ ಲೆಕ್ಕ ಹಚ್ಚಿದರೆ ವಿಧಾನಸೌಧಕ್ಕೆ ಬರೋದು ಸುಮಾರು 516 ರೂಪಾಯಿ. 2024ರ ಫೆಬ್ರವರಿಯಲ್ಲಿ ರಾಜ್ಯದ ಇಡೀ ಸಂಪುಟ ಜಂತರ್ ಮಂತರ್‌ನಲ್ಲಿ ಕೂತು 'ನನ್ನ ತೆರಿಗೆ ನನ್ನ ಹಕ್ಕು' ಅಂದದ್ದು ಇದೇ ಸಿಟ್ಟಿಗೆ. ಆ ಸಿಟ್ಟಿನಲ್ಲಿ ನ್ಯಾಯ ಇದೆ ಅಂತ ನಾನೂ ನಂಬ್ತೀನಿ. ಆದರೆ ಅದೇ ಘೋಷಣೆಯನ್ನು ಸೇಡಂನಲ್ಲಿ ನಿಂತು ಬೆಂಗಳೂರಿನ ಕಡೆ ಮುಖ ಮಾಡಿ ಕೂಗಿದರೆ ಹೇಗಿರುತ್ತೆ? ತೆರಿಗೆ ಕಟ್ಟಿದವರಿಗೇ ಹಕ್ಕು ಅನ್ನೋದು ಪೂರ್ತಿ ಸತ್ಯವಾದರೆ ಬೆಂಗಳೂರಿನವರು ನಮ್ಮ ಕಲ್ಯಾಣ ಕರ್ನಾಟಕಕ್ಕೆ ಅದೇ ಮಾತು ತಿರುಗಿಸಿ ಹೇಳಬಹುದಲ್ಲ?

ಹೇಳಬಾರದು ಅಂತಲೇ 371ಜೆ ಬಂದದ್ದು, ಮಂಡಳಿ ಬಂದದ್ದು, ಇತ್ತೀಚಿನ ಬಜೆಟ್‌ಗಳಲ್ಲಿ ಅದಕ್ಕೆ 5,000 ಕೋಟಿ ಘೋಷಣೆಯಾಗಿದ್ದು. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ 'ಅತ್ಯಂತ ಹಿಂದುಳಿದ' 39ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಶಹಾಬಾದ್, ವಾಡಿ ಆಗ ಚಿತ್ತಾಪುರ ತಾಲ್ಲೂಕಿನೊಳಗೇ ಇದ್ದವು. ವೀರೇಂದ್ರ ಪಾಟೀಲರಂಥ ಎರಡು ಸಲದ ಮುಖ್ಯಮಂತ್ರಿಯನ್ನು ಕೊಟ್ಟ ನೆಲ ಚಿಂಚೋಳಿ. ಆದರೂ ಆ ಪಟ್ಟಿ.

ಪಟ್ಟಿ ಓದುವಾಗ ಒಂದು ವಿಷಯ ಕಣ್ಣಿಗೆ ಚುಚ್ಚುತ್ತೆ. ಇದು ಬರಡು ನೆಲ ಅಲ್ಲ. ಕೆಳಗೆ ಪೂರಾ ಸುಣ್ಣದ ಕಲ್ಲು. ಶಹಾಬಾದಿನ ಫರಸಿ ಹಾಸದ ಮನೆ ದಖ್ಖನ್ನಿನಲ್ಲಿ ಹುಡುಕಬೇಕು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಆಮೇಲೆ ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಕೋಡ್ಲಾದ ಶ್ರೀ ಸಿಮೆಂಟ್, ಇಟಗಾದ ಓರಿಯಂಟ್, ಚಿಂಚೋಳಿ ಕಡೆ ಚೆಟ್ಟಿನಾಡ್, ಕಲಬುರ್ಗಿ ಸಿಮೆಂಟ್. ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ನಿಗಮದ ಕಾರ್ಖಾನೆ ಮುಚ್ಚಿ ಕಾಲವೇ ಆಯಿತು. ಬೋರ್ಡು, ಮಾಲೀಕರು ಬದಲಾಗ್ತಾ ಇರ್ತಾರೆ, ಲಾರಿ ಸಾಲು ಬದಲಾಗಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇವತ್ತಿನ ಮಳಖೇಡ ಅಂತ ಹೊರಗಿನವರಿಗೆ ಹೇಳಿದರೆ "ಓ, ಸಿಮೆಂಟಿನ ಮಳಖೇಡ?" ಅಂತಾರೆ.

ಒಂದು ಚೀಲ ಸಿಮೆಂಟಿನ ಲೆಕ್ಕ ಹಾಕೋಣ. 50 ಕಿಲೋ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಅಂದಾಜು 70 ಕಿಲೋ ಸುಣ್ಣದ ಕಲ್ಲು ಬೇಕು. ಟನ್ನಿಗೆ 80 ರೂಪಾಯಿ ರಾಜಧನ. 2014ರಿಂದ ಇದೇ ದರ. ಅಂದರೆ ಚೀಲಕ್ಕೆ 5 ರೂಪಾಯಿ 60 ಪೈಸೆ, ಅದು ರಾಜ್ಯದ ಬೊಕ್ಕಸಕ್ಕೆ. ಇದರ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೇ ಗುತ್ತಿಗೆಗಳಿಂದ ರಾಜಧನದ ಶೇ. 30, ಅಂದರೆ 1 ರೂಪಾಯಿ 68 ಪೈಸೆ. ಹರಾಜಿನಲ್ಲಿ ಪಡೆದ ಹೊಸ ಗುತ್ತಿಗೆಯಾದರೆ ಶೇ. 10 ಮಾತ್ರ. ಚೀಲದ ಬೆಲೆ ತೆರಿಗೆ ಸೇರಿ 350 ಅಂತ ಇಟ್ಟುಕೊಳ್ಳಿ. ಅದರೊಳಗೆ ಜಿಎಸ್‌ಟಿ ಸುಮಾರು 53 ರೂಪಾಯಿ. ಇದು ಈಗಿನ ಶೇ. 18ರ ಲೆಕ್ಕ, ಸೆಪ್ಟೆಂಬರ್ 22ಕ್ಕೆ ಮುಂಚೆ ಶೇ. 28 ಇತ್ತು. ಜಿಎಸ್‌ಟಿ ಸರಕು ಬಳಕೆಯಾಗುವ ಜಾಗದ ತೆರಿಗೆ. ಮಳಖೇಡದ ಚೀಲ ಸೊಲ್ಲಾಪುರದಲ್ಲಿ ಮಾರಾಟವಾದರೆ ರಾಜ್ಯದ ಅರ್ಧ ಮಹಾರಾಷ್ಟ್ರಕ್ಕೆ. ಕಂಪನಿಯ ಲಾಭದ ಮೇಲಿನ ತೆರಿಗೆ ದಿಲ್ಲಿಗೆ. ಉಳಿಯೋದು ಧೂಳು, ಗುಂಡಿ, ಮತ್ತು ಆ ಒಂದೂ ಮುಕ್ಕಾಲು ರೂಪಾಯಿ.

ಆ ಒಂದೂ ಮುಕ್ಕಾಲು ರೂಪಾಯಿಗೆ ಆಮೇಲೆ ಬರ್ತೀನಿ. ಅದಕ್ಕೆ ಮುಂಚೆ ಒಂದು ಮಾತು: ತೆರಿಗೆದಾರ ತಾನೇ ಆರಿಸೋ ಪದ್ಧತಿ ನಮ್ಮಲ್ಲಿ ಇಲ್ಲ ಅನ್ನೋದು ಪೂರ್ತಿ ನಿಜವಲ್ಲ. ದುಡ್ಡಿದ್ದವರಿಗೆ ಅದು ಯಾವಾಗಲೋ ಬಂದಿದೆ. 80ಜಿ ಅದೇ ತಾನೆ. ಅರ್ಧ ರಿಯಾಯಿತಿ ಇರುವ ಸಂಸ್ಥೆಗೆ ಸಾವಿರ ರೂಪಾಯಿ ಕೊಟ್ಟರೆ, ಶೇ. 30ರ ಹಂತದಲ್ಲಿರುವವನಿಗೆ 150 ರೂಪಾಯಿ ತೆರಿಗೆ ಕಡಿಮೆ, ಶೇ. 5ರ ಹಂತದವನಿಗೆ 25. ಆ ವ್ಯತ್ಯಾಸದ ದುಡ್ಡು ಸರ್ಕಾರದ್ದು, ಅಂದರೆ ಎಲ್ಲರದ್ದು. ಒಂದೇ ದಾನ, ಒಂದೇ ಸಂಸ್ಥೆ, ಆದರೆ ಶ್ರೀಮಂತನ ಟಿಕ್ಕಿಗೆ ಆರು ಪಟ್ಟು ತೂಕ. ಹೊಸ ಪದ್ಧತಿಯಲ್ಲಿರುವವರಿಗೆ ಅದೂ ಇಲ್ಲ. ಕಾಕಾ ಪ್ರತಿ ವರ್ಷ ದಾಸೋಹಕ್ಕೆ ಕೊಡೋ ದುಡ್ಡಿನ ರಸೀದಿ ಅವರ ಟ್ರಂಕಿನಲ್ಲೇ ಉಳೀತು.

ಕಂಪನಿಗಳದ್ದು ಇನ್ನೂ ದೊಡ್ಡ ಟಿಕ್ಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಿಎಸ್ಆರ್‌ಗೆ ಖರ್ಚು ಮಾಡಬೇಕು. ಯಾವುದಕ್ಕೆ ಅಂತ ಆರಿಸೋದು ಕಂಪನಿಯ ಆಡಳಿತ ಮಂಡಳಿ. ಕೆಲಸ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಅದೇ ಸೆಕ್ಷನ್‌ನಲ್ಲಿದೆ. ಆದರೆ 2021ರ ಆಗಸ್ಟಿನಲ್ಲಿ ಸಚಿವಾಲಯ ಹೊರಡಿಸಿದ ಸುತ್ತೋಲೆ ಆ ಆದ್ಯತೆ ಬರೀ ನಿರ್ದೇಶನ, ಕಡ್ಡಾಯವಲ್ಲ ಅಂತ ಹೇಳಿಬಿಟ್ಟಿತು. ಪಟ್ಟಿಯೂ ದಿಲ್ಲಿಯದೇ. 2020ರ ಏಪ್ರಿಲ್‌ನಲ್ಲಿ ಪಿಎಂ ಕೇರ್ಸ್‌ಗೆ ಕೊಟ್ಟರೆ ಸಿಎಸ್ಆರ್ ಲೆಕ್ಕಕ್ಕೆ ಬರುತ್ತೆ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೆ ಬರಲ್ಲ ಅಂದಿದ್ದು ನೆನಪಿರಬಹುದು.

ನಮ್ಮ ಭಾಗದಲ್ಲಿ ಸಿಎಸ್ಆರ್ ಕೆಲಸ ಆಗೇ ಇಲ್ಲ ಅಂದರೆ ಸುಳ್ಳಾಗುತ್ತೆ. ಸಾಲಿ ಕೋಣೆ ಕಟ್ಟಿದ್ದಾರೆ, ಶುದ್ಧ ನೀರಿನ ಘಟಕ ಇಟ್ಟಿದ್ದಾರೆ, ಬಸ್ ನಿಲ್ದಾಣದ ನೆರಳು ಮಾಡಿದ್ದಾರೆ. ಆದರೆ ರಸ್ತೆಯಿಂದ ಕಾಣೋ ಕಡೆ ಕೆಲಸ ಜಾಸ್ತಿ. ಬೋರ್ಡ್ ಕಾಣದ ಕಡೆ ಕಡಿಮೆ. ಬಸ್ ನಿಲ್ದಾಣಕ್ಕೆ ಬಣ್ಣ ಹೊಡೆದ ಕಂಪನಿಗೆ ಹಳ್ಳಿಯೊಳಗಿನ ಧೂಳು ಅಳೆಯೋ ಯಂತ್ರ ಇಡೋ ಉಮೇದು ಇರಲ್ಲ. ಅವರ ಟಿಕ್ಕು, ಅವರ ಇಷ್ಟ. ತಪ್ಪು ಅಂತ ಹೇಗೆ ಹೇಳೋದು?

ಜಪಾನಿನ ಪ್ರಯೋಗ ಮೊದಲು ಓದಿದಾಗ ನನಗೆ ಆಸೆ ಹುಟ್ಟಿತ್ತು. 2008ರಲ್ಲಿ ಅವರು 'ಫುರುಸಾಟೊ ನೋಜೆ' ಅಂತ ಶುರು ಮಾಡಿದರು, ನಮ್ಮ ಮಾತಲ್ಲಿ 'ತವರೂರ ತೆರಿಗೆ' ಅನ್ನಬಹುದು. ಟೋಕಿಯೊದಲ್ಲಿ ದುಡಿಯುವವನು ತನಗೆ ಬೇಕಾದ ಊರಿನ ಪುರಸಭೆಗೆ ದುಡ್ಡು ಕೊಟ್ಟು, 2,000 ಯೆನ್ ಬಿಟ್ಟು ಉಳಿದದ್ದನ್ನು, ಒಂದು ಮಿತಿಯೊಳಗೆ, ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಸೇಡಂ, ಚಿತ್ತಾಪುರದಿಂದ ಹೋಗಿ ಬೆಂಗಳೂರಿನ ಐಟಿ ಕಂಪನಿಗಳಲ್ಲಿರುವ ನನ್ನ ಕ್ಲಾಸ್‌ಮೇಟುಗಳ ತೆರಿಗೆಯ ಒಂದು ಪಾಲು ಶಹಾಬಾದಿನ ನಗರಸಭೆಗೋ ವಾಡಿಯ ಪುರಸಭೆಗೋ ಬಂದರೆ? ಎಷ್ಟು ಚೆಂದ!

ಆಮೇಲೆ ಮುಂದಿನ ಪುಟ ಓದಿದೆ. ದುಡ್ಡು ಕೊಟ್ಟವರಿಗೆ ಪುರಸಭೆಗಳು ಉಡುಗೊರೆ ಕೊಡೋಕೆ ಶುರು ಮಾಡಿದವು: ದನದ ಮಾಂಸ, ಏಡಿ, ಅಕ್ಕಿ. ಒಸಾಕಾ ಬಳಿಯ ಇಜುಮಿಸಾನೊ ಎಂಬ ಊರು ಅಮೆಜಾನ್ ಗಿಫ್ಟ್ ಕಾರ್ಡನ್ನೇ ಕೊಟ್ಟಿತು. 2019ರಲ್ಲಿ ಸರ್ಕಾರ ಉಡುಗೊರೆ ದಾನದ ಶೇ. 30 ಮೀರಬಾರದು ಅಂತ ಕಾನೂನು ಮಾಡಿ ಆ ಊರನ್ನು ಹೊರಗಿಟ್ಟರೆ, ಅದು ಕೋರ್ಟಿಗೆ ಹೋಗಿ 2020ರಲ್ಲಿ ಗೆದ್ದು ಬಂತು. 2023ರಲ್ಲಿ ಈ ದಾನದ ಮೊತ್ತ ಒಂದು ಲಕ್ಷ ಕೋಟಿ ಯೆನ್ ದಾಟಿತು. ಬಹಳ ಜನಕ್ಕೆ ಇದು ತವರೂರ ನೆನಪಲ್ಲ, ಆನ್‌ಲೈನ್ ಶಾಪಿಂಗು. ನಮ್ಮಲ್ಲೂ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ಐದು ಸಾವಿರ ಕಳಿಸಿದವರಿಗೆ ಹತ್ತು ಕಿಲೋ ಬೇಳೆ ಫ್ರೀ ಅಂತ ಜಾಹೀರಾತು ಬರೋಕೆ ಎಷ್ಟು ದಿನ ಬೇಕು?

ನಗೋದು ಬಿಡಿ. ನನ್ನ ಆಸೆ ಮುರಿದದ್ದು ಬೇರೆ ಕಾರಣಕ್ಕೆ. ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದಲೂ ಜನ ಹೊರಗೆ ಹೋಗ್ತಾರೆ, ಮುಂಬಯಿ, ಪುಣೆ, ಹೈದರಾಬಾದಿಗೆ. ಅವರೂ ಊರಿಗೆ ದುಡ್ಡು ಕಳಿಸ್ತಾರೆ, ಅವರಿಗೂ ತವರು ಇದೆ. ಅಲ್ಲಿ ಅವರು ಕಲಸೋದು ಇಲ್ಲಿಂದ ಹೋದ ಸಿಮೆಂಟೇ ಇರಬಹುದು. ಆದರೆ ದಿನಗೂಲಿಗೆ ಆದಾಯ ತೆರಿಗೆ ಇಲ್ಲ. ತವರೂರ ತೆರಿಗೆ ಬಂದರೆ ಎಂಜಿನಿಯರುಗಳನ್ನು ಹುಟ್ಟಿಸಿದ ಊರಿಗೆ ದುಡ್ಡು ಬರುತ್ತೆ. ಗಾರೆ ಕೆಲಸದವರನ್ನು ಹುಟ್ಟಿಸಿದ ತಾಂಡಾಕ್ಕೆ ಏನೂ ಬರಲ್ಲ.

ಕಾಕಿ ಕೇಳಿದ್ದು ಇದನ್ನೇ. ಅವರು ಐವತ್ತು ವರ್ಷ ಮನೆ ನಡೆಸಿದವರು. ಸಾಬೂನು, ಚಪ್ಪಲಿ, ಮೊಬೈಲ್ ರೀಚಾರ್ಜು, ಮೊನ್ನೆ ಮಾಳಿಗೆ ಸೋರ್ತದ ಅಂತ ತರಿಸಿದ ನಾಲ್ಕು ಚೀಲ ಸಿಮೆಂಟು, ಎಲ್ಲದಕ್ಕೂ ತೆರಿಗೆ ಕಟ್ಟಿದ್ದಾರೆ. ಆ ತೆರಿಗೆಗೆ ಫಾರಂ ಇಲ್ಲ, ಆದ್ದರಿಂದ ಟಿಕ್ಕೂ ಇಲ್ಲ. ಇನ್ನೊಂದು ತಮಾಷೆ: 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲ. ಅಂದರೆ ಮುಂದಿನ ವರ್ಷದ ರಿಟರ್ನ್‌ನಲ್ಲಿ ಕಾಕಾನ ತೆರಿಗೆ ಸೊನ್ನೆ. ಇದನ್ನು ಹೇಳಿದಾಗ ಅವರಿಗೆ ಖುಷಿಯಾಯಿತು. ಟಿಕ್ಕೂ ಹೋಯಿತಲ್ಲ ಅಂದೆ. ಕಾಕಿ ಒಳಗೆ ನಕ್ಕದ್ದು ಕೇಳಿಸಿತು.

ಹಾಗಂತ ಆರಿಸೋ ಆಸೆಯನ್ನೇ ತಳ್ಳಿಹಾಕಬೇಕಾ? ನನಗೆ ಹಾಗನ್ನಿಸಲ್ಲ. ಆಸೆ ಸರಿ ಇದೆ, ಜಾಗ ತಪ್ಪಾಗಿದೆ. ಆರಿಸಬೇಕಾದ ದುಡ್ಡು ಆದಾಯ ತೆರಿಗೆಯಲ್ಲಿಲ್ಲ, ಆ ಒಂದೂ ಮುಕ್ಕಾಲು ರೂಪಾಯಿಯಲ್ಲಿದೆ.

2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ಗಣಿ ಜಿಲ್ಲೆಯಲ್ಲಿ ಖನಿಜ ಪ್ರತಿಷ್ಠಾನ ಮಾಡಿದಾಗ ಕಾನೂನು ಬಳಸಿದ ಮಾತು ಬಹಳ ಸ್ಪಷ್ಟ: ಗಣಿಗಾರಿಕೆಯಿಂದ ಬಾಧಿತರಾದ ಜನರ ಮತ್ತು ಪ್ರದೇಶಗಳ ಹಿತಕ್ಕಾಗಿ. ಇದು ದಾನ ಅಲ್ಲ, ಕೃಪೆ ಅಲ್ಲ. ಅದೇ ವರ್ಷದ ಮಾರ್ಗಸೂಚಿಯಲ್ಲಿ ಕನಿಷ್ಠ ಶೇ. 60 ಕುಡಿಯುವ ನೀರು, ಮಾಲಿನ್ಯ ನಿಯಂತ್ರಣ, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೆ ಹೋಗಬೇಕು ಅಂತ ಇತ್ತು. ಆದರೆ ಯಾವ ಹಳ್ಳಿಗೆ, ಯಾವ ಕೆಲಸಕ್ಕೆ ಅಂತ ತೀರ್ಮಾನಿಸೋದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಶಾಸಕರು, ಸಂಸದರು ಸದಸ್ಯರು. ಗ್ರಾಮಸಭೆಯ ಒಪ್ಪಿಗೆಗೆ ನಿಜವಾದ ತೂಕ ಇರೋದು ಪರಿಶಿಷ್ಟ ಪ್ರದೇಶಗಳಲ್ಲಿ, ನಮ್ಮದು ಆ ಪಟ್ಟಿಯಲ್ಲಿಲ್ಲ. ವಿಳಾಸ ಬರೆದ ದುಡ್ಡಿಗೂ ದಿಲ್ಲಿಯಿಂದ ಹೊಸ ನಲ್ಲಿ ಕೂರಬಹುದು: 2020ರ ಮಾರ್ಚಿನಲ್ಲಿ ಕೋವಿಡ್ ಕೆಲಸಕ್ಕೆ ಈ ನಿಧಿಯ ಉಳಿಕೆಯಲ್ಲಿ ಶೇ. 30ರವರೆಗೆ ಬಳಸಿಕೊಳ್ಳಿ ಅಂತ ಕೇಂದ್ರ ಹೇಳಿತ್ತು. ಆಗಿನ ಸಂಕಟಕ್ಕೆ ಅದು ಸರಿಯೇ ಇರಬಹುದು, ಆದರೆ ಗಣಿ ಪಕ್ಕದ ಊರಿನವರನ್ನು ಯಾರೂ ಕೇಳಲಿಲ್ಲ.

ನನ್ನ ವಾದ ಸರಳ. ಈ ನಿಧಿಯ ಒಂದು ಗೊತ್ತಾದ ಪಾಲನ್ನು, ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ, ಬಾಧಿತ ಹಳ್ಳಿಗಳ ಮತದಾರರ ಮತಕ್ಕೆ ಬಿಡಬೇಕು. ಗ್ರಾಮಸಭೆಯಲ್ಲಿ ಕೈ ಎತ್ತಿಸೋದಲ್ಲ, ಗುಪ್ತ ಚೀಟಿ. ಚೀಟಿಯಲ್ಲಿ ಐದಾರು ಕೆಲಸ, ಪ್ರತಿಯೊಂದರ ಮುಂದೆ ಅಂದಾಜು ವೆಚ್ಚ. ವಾಡಿ, ಶಹಾಬಾದಿನಂಥ ಪಟ್ಟಣಗಳಲ್ಲಿ ವಾರ್ಡ್ ಮಟ್ಟದಲ್ಲಿ. ಎಲ್ಲರಿಗೂ ಒಂದೊಂದೇ ಚೀಟಿ: ಕಾರ್ಖಾನೆ ಮ್ಯಾನೇಜರಿಗೂ, ಫರಸಿ ಒಡೆಯೋನಿಗೂ, ಕಾಕಿಗೂ. ಇದು ಯಾರೂ ಕಾಣದ ಕನಸಲ್ಲ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರ 1989ರಿಂದ ಜನರಿಂದಲೇ ಬಜೆಟ್ ಮಾಡಿಸಿತು. ಕೇರಳ 1996ರಲ್ಲಿ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು ಗ್ರಾಮಸಭೆಯಲ್ಲಿ ಚರ್ಚೆ ಮಾಡಿಸಿತು. ನಮ್ಮವರೇ ಆದ ನಜೀರ್ ಸಾಬರು 1983ರ ಪಂಚಾಯತ್ ಕಾನೂನಿನ ಹಿಂದೆ ನಿಂತಾಗ ಅವರ ತಲೆಯಲ್ಲಿದ್ದದ್ದೂ ಇಂಥದ್ದೇ. ಜನ ಅವರನ್ನು 'ನೀರ್ ಸಾಬ್' ಅಂತ ನೆನೆಯೋದು ಬೋರ್‌ವೆಲ್ಲಿಗಾಗಿ, ಕಾನೂನಿಗಾಗಿ ಅಲ್ಲ. ಇರಲಿ.

ಇದಕ್ಕೆ ಬರೋ ಆಕ್ಷೇಪಣೆ ನನಗೆ ಗೊತ್ತಿದೆ, ನಾನೇ ಅದನ್ನು ಊರಲ್ಲಿ ನೋಡಿದ್ದೀನಿ. ಗ್ರಾಮಸಭೆ ಅಂದರೆ ನಾಲ್ಕು ಕುರ್ಚಿ, ಒಂದು ರಿಜಿಸ್ಟರು, ಮನೆ ಮನೆಗೆ ತಿರುಗಿ ಹಾಕಿಸಿಕೊಂಡ ಸಹಿ. ಕೆಲಸ ಯಾವುದೇ ಆರಿಸಲಿ, ಗುತ್ತೇದಾರ ಮಾತ್ರ ಅದೇ ಮನುಷ್ಯ. ಜಾತಿ, ಗುಂಪು, ಸಾವಕಾರರ ಓಣಿಗೆ ಮೊದಲ ಸಿಸಿ ರಸ್ತೆ. ತಾಂಡಾದವರು ದುಡಿಯೋಕೆ ಹೋದ ತಿಂಗಳಲ್ಲೇ ಮತದಾನ ಇಟ್ಟರೆ ಅವರ ಚೀಟಿಯೂ ಹೋಯಿತು. ಇದೆಲ್ಲಾ ನಿಜ. ಅದಕ್ಕೇ ಗುಪ್ತ ಚೀಟಿ ಅಂದೆ, ಯುಗಾದಿ ಸುತ್ತಮುತ್ತ ಜನ ಊರಿಗೆ ಬಂದಾಗ ಇಡಿ ಅಂತೀನಿ. ಇಷ್ಟು ಮಾಡಿದರೂ ಮೋಸ ನಡೆಯುತ್ತೆ. ಆದರೆ ಈಗಿನ ಸಮಿತಿಯ ಮೋಸ ನಮಗೆ ಕಾಣಿಸೋದೂ ಇಲ್ಲ. ನಮ್ಮ ಓಣಿಯಲ್ಲಿ ನಡೆದ ಮೋಸವನ್ನು ಕನಿಷ್ಠ ಹೆಸರಿಟ್ಟು ಬೈಯಬಹುದು.

ಇದು ಈಗಲೇ ಮಾತಾಡಬೇಕಾದ ವಿಷಯ, ಯಾಕಂದರೆ ಕೊಡ ದೊಡ್ಡದಾಗೋ ಸೂಚನೆ ಇದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಲ್ಲಿ, ರಾಜಧನ ತೆರಿಗೆ ಅಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕೋ ಅಧಿಕಾರ ರಾಜ್ಯಗಳಿಗಿದೆ ಅಂದಿತು. ಅದೇ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ಖನಿಜ ತೆರಿಗೆಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅಂಥ ತೆರಿಗೆ ಬಂದಾಗ ದುಡ್ಡು ನೇರ ವಿಧಾನಸೌಧದ ದೊಡ್ಡ ಟ್ಯಾಂಕಿಗೆ ಬೀಳುತ್ತೆ. ದಿಲ್ಲಿಗೆ 'ನನ್ನ ತೆರಿಗೆ ನನ್ನ ಹಕ್ಕು' ಅಂದ ಸರ್ಕಾರಕ್ಕೆ ಕೋಡ್ಲಾದವರೂ ಇಟಗಾದವರೂ ಅದೇ ಮಾತು ಹೇಳಬೇಕಲ್ಲವಾ? ಇಲ್ಲಿನವರು ಸಂಪುಟದಲ್ಲಿ ಕೂತಿದ್ದಾರೆ. ಚಿತ್ತಾಪುರದ ಶಾಸಕರೂ ಮಂತ್ರಿ, ಸೇಡಂ ಶಾಸಕರೂ ಮಂತ್ರಿ. ಚಿತ್ತಾಪುರದವರ ಕೈಯಲ್ಲಂತೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯೇ ಇದೆ.

ಆ ಭಾನುವಾರ ರಿಟರ್ನ್ ಸಲ್ಲಿಸಿ, ಆಧಾರ್ ಒಟಿಪಿ ಹಾಕಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಊಟಕ್ಕೆ ಕೂತಾಗ ಈ ಖನಿಜ ನಿಧಿಯ ವಿಷಯ ಹೇಳಿದೆ. ಕಾಕಾಗೆ ಅರ್ಧ ಗೊತ್ತಿತ್ತು. ಕಾಕಿಗೆ ಅಂಥದ್ದೊಂದು ಇದೆ ಅನ್ನೋದೇ ಗೊತ್ತಿರಲಿಲ್ಲ. ಅವರ ತವರು ಒಂದು ಗಣಿಯ ಪಕ್ಕದ ಹಳ್ಳಿ. ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದರು, "ನಮ್ಮೂರಿಗೆ ಎಷ್ಟು ಬಂದದ ಅಂತ ಕೇಳಿದ್ರ ಹೇಳ್ತಾರೇನು?"

ಹೇಳಲೇಬೇಕು, ಮಾಹಿತಿ ಹಕ್ಕಿನಲ್ಲಿ ಕೇಳಬಹುದು ಅಂದೆ. ಮಾರನೇ ದಿನ ಬೆಳಿಗ್ಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದೆವು: 2016ರಿಂದ ಈವರೆಗೆ ಆ ಹಳ್ಳಿಗೆ ಮಂಜೂರಾದ ಕೆಲಸ, ಮೊತ್ತ, ಗುತ್ತೇದಾರರ ಹೆಸರು, ಮುಗಿದ ದಿನಾಂಕ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿದೆ. ಅರ್ಜಿದಾರರು ಅನ್ನೋ ಜಾಗದಲ್ಲಿ ಕಾಕಾ ಪೆನ್ನು ತಗೊಂಡಿದ್ದರು. ಕಾಕಿ ಅದನ್ನು ಅವರ ಕೈಯಿಂದ ಇಸಗೊಂಡು ತಮ್ಮ ಹೆಸರು ಬರೆದರು.